ಮೂಡಲ್ 3.9ರಿಂದ ಮುಂದಕ್ಕೆ: ಬಿಳಿ ಪುಟ, ಪಿಎಚ್‌ಪಿ ಗಡುವು ಮತ್ತು ಐದು ವರ್ಷದ ಅಂಕಗಳು

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ಅನುದಾನಿತ ಪದವಿ ಕಾಲೇಜಿನಲ್ಲಿ ವಾಣಿಜ್ಯ ವಿಭಾಗದ ಉಪನ್ಯಾಸಕಿ. 2020ರ ಲಾಕ್‌ಡೌನ್ ಹೊತ್ತಿನಲ್ಲಿ ನಮ್ಮ ಅತಿಥಿ ಉಪನ್ಯಾಸಕರೊಬ್ಬರು ಕಾಲೇಜಿನ ವೆಬ್‌ಸೈಟ್ ಇರುವ ಹೋಸ್ಟಿಂಗಿನಲ್ಲೇ ಮೂಡಲ್ (ಆನ್‌ಲೈನ್ ಪಾಠ, ಕ್ವಿಜ್ ನಡೆಸುವ ಸಾಫ್ಟ್‌ವೇರ್) ಹಾಕಿಕೊಟ್ಟರು. ಅವರು ಕೆಲಸ ಬಿಟ್ಟು ಹೋಗುವಾಗ ಸಿಪ್ಯಾನೆಲ್ (ಹೋಸ್ಟಿಂಗ್ ಖಾತೆಯನ್ನು ನಿರ್ವಹಿಸುವ ಪುಟ) ಪಾಸ್‌ವರ್ಡು, ಮೂಡಲ್ ಅಡ್ಮಿನ್ ಪಾಸ್‌ವರ್ಡು ಎರಡನ್ನೂ ನನಗೆ ಕೊಟ್ಟರು. ನನಗೆ ಕಂಪ್ಯೂಟರ್ ಹಿನ್ನೆಲೆ ಇಲ್ಲ. ನಮ್ಮದು 3.9. ಕಳೆದ ತಿಂಗಳು ಒಂದು ಬೆಳಿಗ್ಗೆ ಸೈಟ್ ತೆರೆದರೆ ಪೂರಾ ಬಿಳಿ ಪುಟ. ಹೋಸ್ಟಿಂಗಿನವರು ‘ಪಿಎಚ್‌ಪಿ 8.2ಕ್ಕೆ ಏರಿಸಿದ್ದೇವೆ, ನಿಮ್ಮ ಸಾಫ್ಟ್‌ವೇರ್ ಹಳೆಯದು’ ಎಂದರು. ಕೇಳಿಕೊಂಡ ಮೇಲೆ 7.4ಕ್ಕೆ ವಾಪಸ್ ಇಟ್ಟರು, ಆದರೆ ಎರಡೇ ತಿಂಗಳ ಗಡುವು. ಸಿಪ್ಯಾನೆಲ್ ಒಳಗೆ ಒಂದೇ ಕ್ಲಿಕ್ಕಿನಲ್ಲಿ ಅಪ್‌ಗ್ರೇಡ್ ಮಾಡುವ ಬಟನ್ ಇದೆ, ಒತ್ತಲೇ? ಐದು ವರ್ಷದ ಕ್ವಿಜ್, ಅಂಕ ಎಲ್ಲ ಹೋಗುತ್ತದೆ, ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗುತ್ತದೆ, ಅದಕ್ಕಿಂತ ಹೊಸದಾಗಿ ಶುರು ಮಾಡುವುದೇ ವಾಸಿ ಎಂದು ಒಬ್ಬರು ಹೇಳಿದರು. ಇದರ ಜೊತೆಗೆ, ಪಾಸ್‌ವರ್ಡ್ ಮರೆತ ಮಕ್ಕಳಿಗೆ ಇಮೇಲೇ ಹೋಗುತ್ತಿಲ್ಲ.

ಉತ್ತರ: ಆ ಬಟನ್ ಸದ್ಯಕ್ಕೆ ಒತ್ತಬೇಡಿ. ಎರಡು ತಿಂಗಳು ಈ ಕೆಲಸಕ್ಕೆ ಧಾರಾಳವಾಗಿ ಸಾಕು.

ಅಪ್‌ಗ್ರೇಡ್ ಅಂಕಗಳನ್ನು ಅಳಿಸುವುದಿಲ್ಲ. ಡೇಟಾಬೇಸಿನ ಟೇಬಲ್‌ಗಳನ್ನು ಹೊಸ ಆವೃತ್ತಿಗೆ ಬೇಕಾದ ಆಕಾರಕ್ಕೆ ತರುತ್ತದೆ, ಅಷ್ಟೆ. ಕ್ವಿಜ್, ಅಸೈನ್‌ಮೆಂಟ್, ಗ್ರೇಡ್‌ಬುಕ್ ಎಲ್ಲ ಅದರೊಟ್ಟಿಗೇ ಮುಂದಕ್ಕೆ ಬರುತ್ತವೆ. ‘ಅಪ್‌ಗ್ರೇಡ್ ಮಾಡಿ ಎಲ್ಲ ಕಳೆದುಕೊಂಡೆವು’ ಎನ್ನುವವರನ್ನು ಸ್ವಲ್ಪ ವಿಚಾರಿಸಿದರೆ ಕಾರಣ ಬೇರೆ ಎಲ್ಲೋ ಇರುತ್ತದೆ: ಇದ್ದ ಒಂದೇ ಪ್ರತಿಯ ಮೇಲೆ ನೇರ ಕೈ ಹಾಕಿರುತ್ತಾರೆ, ಇಲ್ಲವೇ ಅರ್ಧ ಬ್ಯಾಕಪ್ ತೆಗೆದಿರುತ್ತಾರೆ, ಇಲ್ಲವೇ ಹಳೇ ಫೋಲ್ಡರಿನ ಮೇಲೇ ಹೊಸ ಫೈಲುಗಳನ್ನು ಸುರಿದಿರುತ್ತಾರೆ. ಈ ಮೂರನ್ನು ತಪ್ಪಿಸಿದರೆ ಉಳಿದದ್ದು ತಾಳ್ಮೆಯ ಕೆಲಸ.

ಬಿಳಿ ಪುಟ ಯಾಕೆ ಬಂತು

ಮೂಡಲ್ ಬರೆದಿರುವುದು ಪಿಎಚ್‌ಪಿ ಭಾಷೆಯಲ್ಲಿ. 3.9 ಬಂದದ್ದು 2020ರ ಜೂನ್‌ನಲ್ಲಿ; ಅದು ಪಿಎಚ್‌ಪಿ 7.2ರಿಂದ 7.4ರವರೆಗೆ ಮಾತ್ರ ಓಡಲು ಸಿದ್ಧವಾದದ್ದು. ಪಿಎಚ್‌ಪಿ 8ರಲ್ಲಿ ಕೆಲವು ಹಳೇ ಫಂಕ್ಷನ್‌ಗಳನ್ನು ತೆಗೆದುಹಾಕಿದರು. ಮೊದಲು ಬರೀ ಎಚ್ಚರಿಕೆ ಕೊಟ್ಟು ಮುಂದೆ ಹೋಗುತ್ತಿದ್ದ ಎಷ್ಟೋ ಕಡೆ ಈಗ ಪ್ರೋಗ್ರಾಂ ಅಲ್ಲೇ ನಿಂತುಬಿಡುತ್ತದೆ. ದೋಷದ ಸಂದೇಶವನ್ನು ಹೊರಗಿನವರಿಗೆ ತೋರಿಸಬಾರದೆಂದು ಸರ್ವರಿನಲ್ಲಿ ಮುಚ್ಚಿಟ್ಟಿರುತ್ತಾರೆ, ಆದ್ದರಿಂದ ನಿಮಗೆ ಕಂಡದ್ದು ಖಾಲಿ ಪುಟ. ಡೇಟಾ ಅಲುಗಿರಲಿಲ್ಲ, 7.4 ವಾಪಸ್ ಇಟ್ಟ ಕೂಡಲೇ ಎಲ್ಲವೂ ಮರಳಿ ಬಂದದ್ದೇ ಅದಕ್ಕೆ ಸಾಕ್ಷಿ.

ಹೋಸ್ಟಿಂಗಿನವರ ಮೇಲೆ ಬೇಜಾರಾಗಬೇಡಿ. ಪಿಎಚ್‌ಪಿ 7.4ಕ್ಕೆ ಅಧಿಕೃತ ಬೆಂಬಲ 2022ರ ನವೆಂಬರಿಗೇ ಮುಗಿದಿದೆ. ಮೂಡಲ್ 3.9ಕ್ಕೂ 2023ರ ಡಿಸೆಂಬರಿನ ಮೇಲೆ ಭದ್ರತಾ ತೇಪೆಗಳು ಬಂದಿಲ್ಲ. ವಿದ್ಯಾರ್ಥಿಗಳ ಹೆಸರು, ಇಮೇಲ್, ಫೋನ್ ನಂಬರ್ ಇರುವ ಸೈಟನ್ನು ಹೀಗೇ ಬಿಟ್ಟುಕೊಂಡಿರುವುದು ಸರಿಯಲ್ಲ.

ಒಂದೇ ನೆಗೆತ ಆಗುವುದಿಲ್ಲ

ನಿಮ್ಮ ದಾರಿಯನ್ನು ನಿರ್ಧರಿಸುವುದು ಎರಡು ನಿಯಮಗಳು. ಮೊದಲನೆಯದು ಪಿಎಚ್‌ಪಿ. 3.9ಕ್ಕೆ 7.2ರಿಂದ 7.4, ಮೂಡಲ್ 4.1ಕ್ಕೆ 7.4ರಿಂದ 8.1, ಮೂಡಲ್ 4.5ಕ್ಕೆ 8.1ರಿಂದ 8.3. ಎರಡನೆಯದು ಹಿಂದಿನ ಆವೃತ್ತಿ. 4.1ಕ್ಕೆ ಬರಲು ಕನಿಷ್ಠ 3.9 ಇರಬೇಕು, 4.5ಕ್ಕೆ ಬರಲು ಕನಿಷ್ಠ 4.1.2 ಇರಬೇಕು.

ಎರಡನ್ನೂ ಜೋಡಿಸಿ ನೋಡಿ. 3.9ಕ್ಕೂ 4.1ಕ್ಕೂ ಸಾಮಾನ್ಯವಾದದ್ದು 7.4. 4.1ಕ್ಕೂ 4.5ಕ್ಕೂ ಸಾಮಾನ್ಯವಾದದ್ದು 8.1. ಹಾಗಾಗಿ ಕ್ರಮ ಹೀಗೆ: ಪಿಎಚ್‌ಪಿ 7.4 ಇರುವಾಗಲೇ ಮೂಡಲನ್ನು 4.1ಕ್ಕೆ ತನ್ನಿ, ಆಮೇಲೆ ಪಿಎಚ್‌ಪಿಯನ್ನು 8.1ಕ್ಕೆ ಏರಿಸಿ, ಸೈಟ್ ಓಡುತ್ತದೆಯೇ ನೋಡಿ. ಆಮೇಲೆ ಮೂಡಲನ್ನು 4.5ಕ್ಕೆ ತನ್ನಿ, ಕೊನೆಗೆ ಪಿಎಚ್‌ಪಿ 8.3. ಒಂದು ಸಲಕ್ಕೆ ಒಂದನ್ನೇ ಬದಲಿಸಿದರೆ ಎಲ್ಲಿ ಕೆಟ್ಟಿತು ಎಂಬುದು ತಾನಾಗಿ ಗೊತ್ತಾಗುತ್ತದೆ. ಇಲ್ಲಿ ಗಡುವಿನ ಅರ್ಥವೂ ಸ್ಪಷ್ಟವಾಗಬೇಕು: 7.4 ಕೈತಪ್ಪುವ ಮೊದಲು ಮುಗಿಯಲೇಬೇಕಾದದ್ದು 4.1ರ ಹಂತ. ಅದರಾಚೆಯದಕ್ಕೆ ಅಷ್ಟು ಅವಸರವಿಲ್ಲ. ಆದರೆ 4.1ರಲ್ಲೇ ಕುಳಿತುಬಿಡಬೇಡಿ, ಅದರ ಭದ್ರತಾ ಬೆಂಬಲ 2025ರ ಡಿಸೆಂಬರಿಗೆ ಮುಗಿದಿದೆ.

5.0, 5.1 ಬಂದಿರುವಾಗ 4.5 ಯಾಕೆ? ಅದು ದೀರ್ಘ ಬೆಂಬಲದ ಆವೃತ್ತಿ, 2027ರ ಅಕ್ಟೋಬರಿನವರೆಗೆ ಭದ್ರತಾ ತೇಪೆ ಸಿಗುತ್ತದೆ. 5.0ಕ್ಕೆ ಡೇಟಾಬೇಸ್ ಸಾಫ್ಟ್‌ವೇರ್ ಆಗಿ ಮೈಎಸ್‌ಕ್ಯುಎಲ್ 8.4 ಅಥವಾ ಮರಿಯಾಡಿಬಿ 10.11 ಬೇಕು, ಒಂದೇ ಸರ್ವರನ್ನು ಹಲವರು ಬಳಸುವ ಹಂಚಿಕೆಯ ಹೋಸ್ಟಿಂಗಿನಲ್ಲಿ ಅದು ಎಲ್ಲ ಕಡೆ ಇರುವುದಿಲ್ಲ. 5.1ರಲ್ಲಂತೂ ವೆಬ್ ವಿಳಾಸವನ್ನು ಮೂಡಲ್ ಒಳಗಿನ ‘ಪಬ್ಲಿಕ್’ ಎಂಬ ಫೋಲ್ಡರಿಗೆ ತಿರುಗಿಸಬೇಕು. ನಿಮ್ಮಂಥ ಖಾತೆಗೆ ಅದು ಸದ್ಯ ಬೇಡದ ತಲೆನೋವು.

ಒಂದೇ ಕ್ಲಿಕ್ಕಿನ ಬಟನ್ ಬೇಡ ಎಂದದ್ದೂ ಇದಕ್ಕೇ. ಅಂಥ ಸಾಧನಗಳು ಸಾಮಾನ್ಯವಾಗಿ ತಮ್ಮಲ್ಲಿರುವ ಹೊಸ ಆವೃತ್ತಿಯತ್ತ ಎಳೆಯುತ್ತವೆ. ನಡುವಿನ ನಿಲುಗಡೆ, ನೀವು ಸೇರಿಸಿದ ಪ್ಲಗಿನ್ (ಮೂಡಲ್‌ಗೆ ಹೊರಗಿನಿಂದ ಜೋಡಿಸುವ ಹೆಚ್ಚುವರಿ ಸೌಲಭ್ಯ), ಡೇಟಾಬೇಸಿನ ಆವೃತ್ತಿ ಇದಾವುದರ ಜವಾಬ್ದಾರಿಯೂ ಅವಕ್ಕಿಲ್ಲ.

ಕೈ ಹಾಕುವ ಮೊದಲು ನೋಡಬೇಕಾದದ್ದು

ಮೂಡಲ್‌ಗೆ ಅಡ್ಮಿನ್ ಆಗಿ ಹೋಗಿ ‘ಸೈಟ್ ಅಡ್ಮಿನಿಸ್ಟ್ರೇಷನ್’, ಅದರಲ್ಲಿ ‘ಸರ್ವರ್’, ಅದರಲ್ಲಿ ‘ಎನ್ವಿರಾನ್‌ಮೆಂಟ್’ ತೆರೆಯಿರಿ. ಅಲ್ಲಿ ‘ಅಪ್‌ಡೇಟ್ ಕಾಂಪೊನೆಂಟ್’ ಒತ್ತಿದರೆ ಹೊಸ ಆವೃತ್ತಿಗಳ ಅಗತ್ಯಗಳ ಪಟ್ಟಿ ಇಳಿಯುತ್ತದೆ. ಮೇಲಿನ ಆಯ್ಕೆಯಲ್ಲಿ 4.1 ಎಂದಿಟ್ಟು ನೋಡಿ, ಆಮೇಲೆ 4.5 ಎಂದಿಟ್ಟು ನೋಡಿ. ಇದು ಬರೀ ಪರೀಕ್ಷೆ, ಏನನ್ನೂ ಬದಲಿಸುವುದಿಲ್ಲ. ಎರಡೂ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಆ ಪಟ್ಟಿಯಲ್ಲಿ ಗಮನಿಸಬೇಕಾದ ಮೊದಲ ಸಾಲು ಡೇಟಾಬೇಸ್. 4.1ಕ್ಕೆ ಮೈಎಸ್‌ಕ್ಯುಎಲ್ 5.7 ಅಥವಾ ಮರಿಯಾಡಿಬಿ 10.4 ಸಾಕು; 4.5ಕ್ಕೆ ಮೈಎಸ್‌ಕ್ಯುಎಲ್ 8.0 ಅಥವಾ ಮರಿಯಾಡಿಬಿ 10.6.7 ಬೇಕು. ಪಿಎಚ್‌ಪಿಯನ್ನು ನೀವೇ ಬದಲಿಸಬಹುದು, ಡೇಟಾಬೇಸ್ ಸರ್ವರನ್ನು ಬದಲಿಸಲಾಗದು. ಅದು ಆ ಸರ್ವರಿನ ಎಲ್ಲ ಗಿರಾಕಿಗಳಿಗೂ ಒಂದೇ. ಹಳೆಯದಿದ್ದರೆ ‘ಹೊಸ ಸರ್ವರಿಗೆ ನಮ್ಮ ಖಾತೆ ವರ್ಗಾಯಿಸಿ’ ಎಂದು ಕೇಳುವುದೊಂದೇ ಉಪಾಯ.

ಇನ್ನು ‘ಮ್ಯಾಕ್ಸ್ ಇನ್‌ಪುಟ್ ವಾರ್ಸ್’ ಎಂಬ ಸಾಲು. ಒಂದು ಫಾರ್ಮಿನಿಂದ ಪಿಎಚ್‌ಪಿ ಎಷ್ಟು ಮೌಲ್ಯಗಳನ್ನು ಒಪ್ಪಿಕೊಳ್ಳಬೇಕು ಎಂಬ ಮಿತಿ ಅದು. ಸಾಮಾನ್ಯವಾಗಿ 1000 ಇರುತ್ತದೆ. ಪಿಎಚ್‌ಪಿ 8ರ ಮೇಲೆ ಮೂಡಲ್ ಕನಿಷ್ಠ 5000 ಕೇಳುತ್ತದೆ. ಕಡಿಮೆ ಇದ್ದರೆ ದೊಡ್ಡ ಗ್ರೇಡ್ ಪುಟವನ್ನು ಸೇವ್ ಮಾಡಿದಾಗ ಕೊನೆಯ ಕೆಲವು ಸಾಲುಗಳು ಸದ್ದಿಲ್ಲದೆ ಬಿಟ್ಟುಹೋಗಬಹುದು. ಸಿಪ್ಯಾನೆಲ್‌ನ ‘ಮಲ್ಟಿಪಿಎಚ್‌ಪಿ ಐಎನ್‌ಐ ಎಡಿಟರ್’ನಲ್ಲಿ ಇದನ್ನು ಬದಲಿಸಬಹುದು. 4.5ಕ್ಕೆ ‘ಸೋಡಿಯಂ’ ಎಂಬ ಪಿಎಚ್‌ಪಿ ಎಕ್ಸ್‌ಟೆನ್ಷನ್ ಕೂಡ ಬೇಕು. ಇಲ್ಲದಿದ್ದರೆ ಹೋಸ್ಟಿಂಗಿನವರಿಗೆ ಹೇಳಿ ಹಾಕಿಸಿ.

ಬ್ಯಾಕಪ್ ಎಂದರೆ ಮೂರು ತುಂಡು

ಎಲ್ಲಕ್ಕಿಂತ ಹೆಚ್ಚು ಎಡವುವುದು ಇಲ್ಲಿ, ಸ್ವಲ್ಪ ನಿಧಾನವಾಗಿ ಓದಿ.

ಮೂಡಲ್ ಮೂರು ಕಡೆ ವಾಸವಾಗಿರುತ್ತದೆ. ಒಂದು, ಪ್ರೋಗ್ರಾಂ ಫೈಲುಗಳ ಫೋಲ್ಡರು. ಇದು ಹೋದರೂ ಮತ್ತೆ ಇಳಿಸಿಕೊಳ್ಳಬಹುದು, ಅದರೊಳಗಿನ ಕಾನ್ಫಿಗ್ ಫೈಲು (ಸೈಟಿನ ಮೂಲ ಸೆಟ್ಟಿಂಗುಗಳಿರುವ ಫೈಲು) ಮತ್ತು ಪ್ಲಗಿನ್‌ಗಳನ್ನು ಬಿಟ್ಟು. ಎರಡು, ಡೇಟಾಬೇಸ್: ಬಳಕೆದಾರರು, ಅಂಕ, ಪ್ರಶ್ನೆ, ಉತ್ತರ. ಮೂರು, ‘ಮೂಡಲ್‌ಡೇಟಾ’ ಎಂಬ ಫೋಲ್ಡರು: ನೀವು ಏರಿಸಿದ ಪಿಡಿಎಫ್, ಮಕ್ಕಳು ಸಲ್ಲಿಸಿದ ಅಸೈನ್‌ಮೆಂಟ್.

ಮೂಡಲ್‌ಡೇಟಾ ಒಳಗಿನ ‘ಫೈಲ್‌ಡಿರ್’ ತೆರೆದರೆ ಗಾಬರಿಯಾಗಬೇಡಿ. ಅಲ್ಲಿ ‘ಘಟಕ ಒಂದು’ ಎಂಬಂಥ ಹೆಸರು ಯಾವುದೂ ಇರುವುದಿಲ್ಲ, ನಲವತ್ತು ಅಕ್ಷರ-ಅಂಕಿಗಳ ಉದ್ದುದ್ದ ಹೆಸರುಗಳೇ ಇರುತ್ತವೆ. ಪ್ರತಿ ಫೈಲಿನ ಒಳಗಿನ ವಿಷಯದಿಂದ ಲೆಕ್ಕ ಹಾಕಿ ಮೂಡಲ್ ಆ ಹೆಸರಿಡುತ್ತದೆ. ನಿಜವಾದ ಹೆಸರು, ಯಾವ ಕೋರ್ಸಿನದು, ಯಾರು ಹಾಕಿದ್ದು ಎಂಬುದೆಲ್ಲ ಡೇಟಾಬೇಸಿನಲ್ಲಿ. ಲೈಬ್ರರಿಯಲ್ಲಿ ಪುಸ್ತಕಗಳು ಒಂದು ಕೋಣೆಯಲ್ಲಿ, ಕ್ಯಾಟಲಾಗ್ ಇನ್ನೊಂದು ಕೋಣೆಯಲ್ಲಿ ಇದ್ದ ಹಾಗೆ. ಡೇಟಾಬೇಸ್ ಮಾತ್ರ ಉಳಿಸಿಕೊಂಡರೆ ಫೈಲುಗಳ ಹೆಸರು ಇರುತ್ತದೆ, ಫೈಲು ಇರುವುದಿಲ್ಲ. ಮೂಡಲ್‌ಡೇಟಾ ಮಾತ್ರ ಉಳಿಸಿಕೊಂಡರೆ ಅನಾಮಧೇಯ ಫೈಲುಗಳ ರಾಶಿ. ಆದ್ದರಿಂದ ಎರಡನ್ನೂ ಒಂದೇ ಹೊತ್ತಿನಲ್ಲಿ, ಸೈಟನ್ನು ‘ಮೇಂಟೆನೆನ್ಸ್ ಮೋಡ್’ಗೆ ಹಾಕಿದ ಮೇಲೆ ತೆಗೆಯಬೇಕು. ಸೋಮವಾರದ ಡೇಟಾಬೇಸ್, ಗುರುವಾರದ ಮೂಡಲ್‌ಡೇಟಾ ಸೇರಿಸಿದರೆ ನಡುವಿನ ಮೂರು ದಿನದ ಸಲ್ಲಿಕೆಗಳು ತಾಳೆಯಾಗುವುದಿಲ್ಲ.

ಡೇಟಾಬೇಸಿನ ಬ್ಯಾಕಪ್ಪಿಗೆ ಪಿಎಚ್‌ಪಿಮೈಅಡ್ಮಿನ್ (ಬ್ರೌಸರಿನಲ್ಲಿ ಡೇಟಾಬೇಸ್ ತೆರೆಯುವ ಸಾಧನ) ಬಳಸುವುದಕ್ಕಿಂತ ಸಿಪ್ಯಾನೆಲ್‌ನ ‘ಬ್ಯಾಕಪ್’ ವಿಭಾಗವೇ ಮೇಲು. ಪಿಎಚ್‌ಪಿಮೈಅಡ್ಮಿನ್‌ನಲ್ಲಿ ದೊಡ್ಡ ಡೇಟಾಬೇಸ್ ಎಕ್ಸ್‌ಪೋರ್ಟ್ ಮಾಡುವಾಗ ಸಮಯ ಮೀರಿ ಅರ್ಧಕ್ಕೇ ನಿಂತರೂ, ಇಳಿದ ಫೈಲು ನೋಡಲು ಸರಿಯಾಗಿಯೇ ಇದ್ದಂತೆ ಕಾಣುತ್ತದೆ. ಸಿಪ್ಯಾನೆಲ್‌ನಿಂದ ಇಳಿದದ್ದನ್ನು ಬಿಚ್ಚಿ ಕೊನೆಯ ಸಾಲು ನೋಡಿ. ಅಲ್ಲಿ ಇಂಗ್ಲಿಷಿನಲ್ಲಿ ‘ಡಂಪ್ ಕಂಪ್ಲೀಟೆಡ್’ ಎಂದಿದ್ದರೆ ಪೂರ್ತಿ ಬಂದಿದೆ.

ಮೂಡಲ್‌ಡೇಟಾ ದೊಡ್ಡದಿದ್ದರೆ ಅದರೊಳಗಿನ ಕ್ಯಾಶ್, ಲೋಕಲ್‌ಕ್ಯಾಶ್, ಸೆಷನ್ಸ್, ಟೆಂಪ್, ಟ್ರ್ಯಾಶ್‌ಡಿರ್ ಫೋಲ್ಡರುಗಳನ್ನು ಬಿಡಬಹುದು. ಅದೇ ಖಾತೆಯೊಳಗೆ ಜಿಪ್ ಮಾಡುವ ಮೊದಲು ಉಳಿದಿರುವ ಜಾಗ ನೋಡಿ. ಹತ್ತು ಜಿಬಿಯ ಫೋಲ್ಡರಿಗೆ ಸುಮಾರು ಅಷ್ಟೇ ದೊಡ್ಡ ಜಿಪ್ ಆಗುತ್ತದೆ, ಪಿಡಿಎಫ್ ಮತ್ತು ವಿಡಿಯೊ ಕುಗ್ಗುವುದಿಲ್ಲ. ಕೋಟಾ ತುಂಬಿಹೋದರೆ ನಡೆಯುತ್ತಿರುವ ಸೈಟೇ ಮುಗ್ಗರಿಸುತ್ತದೆ. ಬ್ಯಾಕಪ್ ಮುಗಿದ ಮೇಲೆ ಕಾಲೇಜಿನ ಕಂಪ್ಯೂಟರಿಗೋ ಹೊರಗಿನ ಹಾರ್ಡ್‌ಡಿಸ್ಕಿಗೋ ಇಳಿಸಿಕೊಳ್ಳಿ. ಅದೇ ಸರ್ವರಿನಲ್ಲಿರುವ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮೊದಲು ನಕಲಿನ ಮೇಲೆ

ಒಂದು ಸಬ್‌ಡೊಮೈನ್ ಮಾಡಿ, ಪ್ರೋಗ್ರಾಂ ಫೋಲ್ಡರು ಮತ್ತು ಮೂಡಲ್‌ಡೇಟಾ ಎರಡನ್ನೂ ಬೇರೆ ಹೆಸರಿನಲ್ಲಿ ಕಾಪಿ ಮಾಡಿ, ಹೊಸ ಡೇಟಾಬೇಸ್ ಹುಟ್ಟಿಸಿ ಅದಕ್ಕೆ ಬ್ಯಾಕಪ್ ತುಂಬಿ. ಸಿಪ್ಯಾನೆಲ್‌ನ ‘ಮಲ್ಟಿಪಿಎಚ್‌ಪಿ ಮ್ಯಾನೇಜರ್’ ಇದ್ದರೆ ಪ್ರತಿ ಡೊಮೈನಿಗೂ ಬೇರೆ ಪಿಎಚ್‌ಪಿ ಆವೃತ್ತಿ ಕೊಡಬಹುದು. ಅಸಲು ಸೈಟು 7.4ರಲ್ಲಿ ಓಡುತ್ತಿರುವಾಗಲೇ ನಕಲನ್ನು 8.1ರಲ್ಲಿ ಪರೀಕ್ಷಿಸಬಹುದು. ಅದರ ಬದಲು ‘ಸೆಲೆಕ್ಟ್ ಪಿಎಚ್‌ಪಿ ವರ್ಷನ್’ ಮಾತ್ರ ಇದ್ದರೆ ಸಾಮಾನ್ಯವಾಗಿ ಇಡೀ ಖಾತೆಗೆ ಒಂದೇ ಆವೃತ್ತಿ. ಆಗ ಕಾಲೇಜಿನ ಮುಖ್ಯ ವೆಬ್‌ಸೈಟಿನ ಮೇಲೂ ಪರಿಣಾಮ ಆಗುತ್ತದೆ ಎಂಬುದನ್ನು ಆ ಸೈಟ್ ನೋಡಿಕೊಳ್ಳುವವರಿಗೆ ಮೊದಲೇ ಹೇಳಿ.

ನಕಲಿನ ಕಾನ್ಫಿಗ್ ಫೈಲಿನಲ್ಲಿ ಐದು ಸಾಲು ಬದಲಾಗಬೇಕು: ಡೇಟಾಬೇಸಿನ ಹೆಸರು, ಅದರ ಬಳಕೆದಾರ, ಅದರ ಪಾಸ್‌ವರ್ಡ್, ಸೈಟಿನ ವಿಳಾಸ (‘ಡಬ್ಲ್ಯುಡಬ್ಲ್ಯುಡಬ್ಲ್ಯುರೂಟ್’ ಎಂಬ ಸಾಲು), ಮೂಡಲ್‌ಡೇಟಾದ ಜಾಗ (‘ಡೇಟಾರೂಟ್’ ಎಂಬ ಸಾಲು). ಇದರಲ್ಲಿ ಡೇಟಾಬೇಸಿನ ಹೆಸರು ಬದಲಿಸಲು ಮರೆತರೆ, ನಕಲು ಎಂದುಕೊಂಡು ನೀವು ಅಸಲನ್ನೇ ಅಪ್‌ಗ್ರೇಡ್ ಮಾಡುತ್ತಿರುತ್ತೀರಿ. ಎರಡೆರಡು ಸಲ ಓದಿ.

ಇನ್ನೊಂದು ಸಾಲು ಸೇರಿಸಬೇಕು. ನಕಲಿನಲ್ಲೂ ನಿಜವಾದ ವಿದ್ಯಾರ್ಥಿಗಳ ಇಮೇಲ್ ಇರುತ್ತದೆ, ಅದು ಅವರಿಗೆ ಮೇಲ್ ಕಳಿಸಲು ಹೊರಟರೆ ಗೊಂದಲ. ಮೂಡಲ್ ಜೊತೆಗೇ ಬರುವ ‘ಕಾನ್ಫಿಗ್-ಡಿಸ್ಟ್’ ಎಂಬ ಮಾದರಿ ಫೈಲಿನಲ್ಲಿ ‘ನೋಇಮೇಲ್‌ಎವರ್’ ಎಂಬ ಸಾಲು ಸಿದ್ಧವಾಗಿದೆ. ಅದನ್ನು ಕಾಪಿ ಮಾಡಿ, ಅದರ ಆರಂಭದಲ್ಲಿರುವ ಎರಡು ಓರೆಗೆರೆ ಅಳಿಸಿ, ನಿಮ್ಮ ಕಾನ್ಫಿಗ್ ಫೈಲಿನ ಕೊನೆಯ ಸಾಲಿಗಿಂತ ಮುಂಚೆ ಇಡಿ. ಬಿಳಿ ಪುಟ ಬಂದಾಗ ನಿಜವಾದ ದೋಷ ತೋರಿಸುವ ‘ಡೀಬಗ್’ ಸಾಲುಗಳೂ ಅದೇ ಮಾದರಿ ಫೈಲಿನಲ್ಲಿವೆ. ನಕಲಿನಲ್ಲಿ ಅವನ್ನು ತೆರೆದಿಡಿ, ಅಸಲಿನಲ್ಲಿ ಬೇಡ. ನಕಲಿಗೆ ಕ್ರಾನ್ (ನಿಗದಿತ ಹೊತ್ತಿಗೆ ತಾನಾಗಿ ಓಡುವ ಕೆಲಸ) ಹಾಕಬೇಡಿ.

ಫೈಲು ಬದಲಿಸುವ ಬಗೆ

ಹಳೇ ಪ್ರೋಗ್ರಾಂ ಫೋಲ್ಡರಿನ ಹೆಸರು ಬದಲಿಸಿ ಪಕ್ಕಕ್ಕಿಡಿ, ಅದರ ಜಾಗದಲ್ಲಿ 4.1ರ ಕೊನೆಯ ಬಿಡುಗಡೆಯನ್ನು ಬಿಚ್ಚಿ, ಹಳೆಯದರಿಂದ ಕಾನ್ಫಿಗ್ ಫೈಲನ್ನು ತಂದು ಹಾಕಿ. ಹಳೆಯದರ ಮೇಲೇ ಬಿಚ್ಚಿದರೆ ಹೊಸ ಆವೃತ್ತಿಯಲ್ಲಿ ಇರಬಾರದ ಹಳೇ ಫೈಲುಗಳು ಉಳಿದುಕೊಳ್ಳುತ್ತವೆ. ಆಗ ಮೂಡಲ್ ‘ಮಿಕ್ಸ್‌ಡ್ ಮೂಡಲ್ ವರ್ಷನ್ಸ್ ಡಿಟೆಕ್ಟೆಡ್’ ಎಂದು ನಿಂತುಬಿಡುತ್ತದೆ. ಈ ಸಂದೇಶ ಬಂದರೆ ಡೇಟಾಬೇಸಿಗೆ ಏನೂ ಆಗಿಲ್ಲ, ಫೋಲ್ಡರನ್ನು ಸ್ವಚ್ಛ ಮಾಡಿ ಮತ್ತೆ ಬಿಚ್ಚಿದರೆ ಸಾಕು.

ಇಲ್ಲಿ ಎಡವುವ ಜಾಗಗಳು ಎರಡಿವೆ. ಅವಸರದಲ್ಲಿ ಹಾಕಿದ ಎಷ್ಟೋ ಸೈಟುಗಳಲ್ಲಿ ಮೂಡಲ್‌ಡೇಟಾ ಪ್ರೋಗ್ರಾಂ ಫೋಲ್ಡರಿನ ಒಳಗೇ ಇರುತ್ತದೆ. ಹೆಸರು ಬದಲಿಸಿದಾಗ ಅದೂ ಜೊತೆಗೆ ಹೋಗಿ, ಸೈಟು ‘ಡೇಟಾರೂಟ್’ ಸಿಗುತ್ತಿಲ್ಲ ಎನ್ನುತ್ತದೆ. ಹಾಗೆ ಇರುವುದು ಭದ್ರತೆಗೂ ಕೆಟ್ಟದ್ದು. ಈ ನೆಪದಲ್ಲಿ ಅದನ್ನು ವೆಬ್‌ನಿಂದ ತೆರೆಯಬಹುದಾದ ‘ಪಬ್ಲಿಕ್ ಎಚ್‌ಟಿಎಂಎಲ್’ ಫೋಲ್ಡರಿನ ಹೊರಗೆ ಸಾಗಿಸಿ, ಕಾನ್ಫಿಗ್‌ನಲ್ಲಿ ಹೊಸ ಜಾಗ ಬರೆಯಿರಿ. ಎರಡನೆಯದು ಕಣ್ಣಿಗೆ ಕಾಣದ ಫೈಲು. ಸಿಪ್ಯಾನೆಲ್ ಪಿಎಚ್‌ಪಿ ಆವೃತ್ತಿಯನ್ನೂ, ಆ 5000ದ ಮಿತಿಯನ್ನೂ ಬರೆದಿಡುವುದು ಪ್ರೋಗ್ರಾಂ ಫೋಲ್ಡರಿನೊಳಗಿನ ಚುಕ್ಕಿಯಿಂದ ಶುರುವಾಗುವ ‘ಎಚ್‌ಟಿಆಕ್ಸೆಸ್’ ಮತ್ತು ‘ಯೂಸರ್ ಐಎನ್‌ಐ’ ಫೈಲುಗಳಲ್ಲಿ. ಹೊಸ ಫೋಲ್ಡರಿನಲ್ಲಿ ಅವು ಇರುವುದಿಲ್ಲವಾದ್ದರಿಂದ ಪಿಎಚ್‌ಪಿ ಮತ್ತೆ ಸರ್ವರಿನ ಡೀಫಾಲ್ಟಿಗೆ ಜಾರುತ್ತದೆ. ಫೋಲ್ಡರು ಬದಲಿಸಿದ ಮೇಲೆ ಎರಡನ್ನೂ ಸಿಪ್ಯಾನೆಲ್‌ನಿಂದ ಇನ್ನೊಮ್ಮೆ ಸೆಟ್ ಮಾಡಿ.

ಪ್ಲಗಿನ್‌ಗಳು. ‘ಪ್ಲಗಿನ್ಸ್ ಓವರ್‌ವ್ಯೂ’ ಪುಟದಲ್ಲಿ ‘ಅಡಿಷನಲ್ ಪ್ಲಗಿನ್ಸ್’ ಎಂಬ ಪಟ್ಟಿ ಇದೆ, ಅದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಹಾಜರಾತಿ, ಕಸ್ಟಮ್ ಸರ್ಟಿಫಿಕೇಟ್ ಮುಂತಾದವಕ್ಕೆ 4.1ಕ್ಕೆ ಹೊಂದುವ ಪ್ರತಿಯನ್ನು ಮೂಡಲ್‌ನ ಪ್ಲಗಿನ್ ಭಂಡಾರದಿಂದ ಹೊಸದಾಗಿ ಇಳಿಸಿ ಹಾಕಬೇಕು, 4.5ರ ಹಂತದಲ್ಲಿ ಮತ್ತೊಮ್ಮೆ. ಬಿಗ್‌ಬ್ಲೂಬಟನ್ (ಆನ್‌ಲೈನ್ ತರಗತಿಯ ಪ್ಲಗಿನ್) ಇದ್ದರೆ ಎಚ್ಚರ, 4.0ರಿಂದ ಅದು ಮೂಡಲ್ ಒಳಗೇ ಬರುತ್ತದೆ, ಹಳೇ ಫೋಲ್ಡರನ್ನು ಅದರ ಮೇಲೆ ಹೇರಬೇಡಿ. ಹೊರಗಿನ ಥೀಮ್ (ಸೈಟಿನ ನೋಟದ ವಿನ್ಯಾಸ) ಹಾಕಿದ್ದರೆ ಅಪ್‌ಗ್ರೇಡಿಗೆ ಮುಂಚೆ ಮೂಡಲ್‌ನದೇ ಆದ ‘ಬೂಸ್ಟ್’ಗೆ ಬದಲಿಸಿ, ಹಳೇ ಥೀಮು ಕೆಟ್ಟರೆ ಅಡ್ಮಿನ್ ಪುಟವೂ ತೆರೆಯದಂತಾಗಬಹುದು. ಒಂದು ಪ್ಲಗಿನ್‌ಗೆ ಹೊಸ ಪ್ರತಿ ಸಿಗದಿದ್ದರೆ ಹಾಗೇ ಬಿಡಿ. ಮೂಡಲ್ ‘ಮಿಸ್ಸಿಂಗ್ ಫ್ರಂ ಡಿಸ್ಕ್’ ಎನ್ನುತ್ತದೆ, ಡೇಟಾ ಹಾಗೇ ಉಳಿದಿರುತ್ತದೆ. ನೀವಾಗಿ ‘ಅನ್‌ಇನ್‌ಸ್ಟಾಲ್’ ಒತ್ತಿದರೆ ಮಾತ್ರ ಹೋಗುತ್ತದೆ.

4.0ರ ಪ್ರಶ್ನೆ ಭಂಡಾರ ಮತ್ತು ನಿಂತಂತೆ ಕಾಣುವ ಪರದೆ

3.9ರಿಂದ 4.1ಕ್ಕೆ ಹೋಗುವಾಗ ಅತಿ ನಿಧಾನದ ಭಾಗ ಪ್ರಶ್ನೆ ಭಂಡಾರ. ಪ್ರತಿ ಪ್ರಶ್ನೆಗೂ ಆವೃತ್ತಿಗಳ ದಾಖಲೆ ಇಡುವ ಪದ್ಧತಿ 4.0ರಲ್ಲಿ ಬಂತು, ಹಾಗಾಗಿ ಹಳೇ ಪ್ರಶ್ನೆಗಳೆಲ್ಲವನ್ನೂ ಹೊಸ ಟೇಬಲ್‌ಗಳಿಗೆ ಹೊಂದಿಸಬೇಕಾಗುತ್ತದೆ. ಪ್ರಶ್ನೆಗಳು ಸಾವಿರಗಟ್ಟಲೆ ಇದ್ದರೆ ಬ್ರೌಸರಿನಲ್ಲಿ ಪರದೆ ನಿಂತಂತೆ ಕಾಣುತ್ತದೆ, ಅಥವಾ ಸಮಯ ಮೀರಿದ ಸಂದೇಶ ಬರುತ್ತದೆ. ಆಗ ಪದೇ ಪದೇ ರಿಫ್ರೆಶ್ ಮಾಡಬೇಡಿ, ಹಿಂದಿನ ಕೆಲಸ ಸರ್ವರಿನಲ್ಲಿ ಇನ್ನೂ ನಡೆಯುತ್ತಿರಬಹುದು. ಅರ್ಧ ಗಂಟೆ ಬಿಟ್ಟು ಅಡ್ಮಿನ್ ಪುಟ ತೆರೆಯಿರಿ. ಮೂಡಲ್ ಪ್ರತಿ ಹಂತ ಮುಗಿದಾಗಲೂ ಗುರುತು ಹಾಕಿಕೊಳ್ಳುತ್ತದೆ, ಸಾಮಾನ್ಯವಾಗಿ ನಿಂತಲ್ಲಿಂದ ಮುಂದುವರಿಯುತ್ತದೆ.

ಇದಕ್ಕಿಂತ ಒಳ್ಳೆಯ ದಾರಿ ಬ್ರೌಸರ್ ಇಲ್ಲದೆ ನಡೆಸುವುದು. ಸಿಪ್ಯಾನೆಲ್‌ನಲ್ಲಿ ‘ಟರ್ಮಿನಲ್’ (ಆದೇಶಗಳನ್ನು ಟೈಪ್ ಮಾಡಿ ಓಡಿಸುವ ಕಿಟಕಿ) ಇದ್ದರೆ, ಮೂಡಲ್ ಫೋಲ್ಡರಿನ ‘ಅಡ್ಮಿನ್’ ಒಳಗಿನ ‘ಸಿಎಲ್‌ಐ’ ಫೋಲ್ಡರಿನಲ್ಲಿರುವ ‘ಅಪ್‌ಗ್ರೇಡ್’ ಎಂಬ ಪಿಎಚ್‌ಪಿ ಫೈಲನ್ನು ಓಡಿಸಿ. ಟರ್ಮಿನಲ್ ಇಲ್ಲದಿದ್ದರೆ ಅದೇ ಫೈಲನ್ನು ‘ನಾನ್-ಇಂಟರಾಕ್ಟಿವ್’ ಆಯ್ಕೆಯೊಂದಿಗೆ ಒಂದು ಕ್ರಾನ್ ಕೆಲಸವಾಗಿ ಒಂದು ನಿರ್ದಿಷ್ಟ ಹೊತ್ತಿಗೆ ಇಡಿ, ಓಡಿದ ಮೇಲೆ ಆ ಕ್ರಾನ್ ಸಾಲನ್ನು ಅಳಿಸಿ. ಫಲಿತಾಂಶ ಕ್ರಾನ್‌ನಲ್ಲಿ ಕೊಟ್ಟ ಇಮೇಲ್‌ಗೆ ಬರುತ್ತದೆ.

ಒಮ್ಮೆ ಡೇಟಾಬೇಸ್ 4.1 ಆದ ಮೇಲೆ ಹಳೇ ಫೋಲ್ಡರು ವಾಪಸ್ ಇಟ್ಟರೆ ಸೈಟು ಓಡುವುದಿಲ್ಲ; ಹಿಂದಕ್ಕೆ ಇಳಿಸಲು ಸಾಧ್ಯವಿಲ್ಲ ಎನ್ನುತ್ತದೆ. ಹಿಂದಿರುಗುವ ದಾರಿ ಬ್ಯಾಕಪ್ ಒಂದೇ.

ಕನ್ನಡ ಕೆಡುತ್ತದೆಯೇ

ಅಪ್‌ಗ್ರೇಡಿನಿಂದ ಕೆಡುವುದಿಲ್ಲ. ಕೆಡುವುದು ಡೇಟಾಬೇಸನ್ನು ತೆಗೆದು ಮತ್ತೆ ತುಂಬುವಾಗ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಹಳೇ ‘ಯುಟಿಎಫ್8’ ಟೇಬಲ್ಲೂ ಅದನ್ನು ಹಿಡಿದುಕೊಳ್ಳುತ್ತದೆ. 4 ಬೈಟಿನ ಇಮೋಜಿಗೆ ಮಾತ್ರ ‘ಯುಟಿಎಫ್8ಎಂಬಿ4’ ಬೇಕು. ತುಂಬುವಾಗ ಸಂಪರ್ಕವೋ ಹೊಸ ಡೇಟಾಬೇಸೋ ರೋಮನ್ ಅಕ್ಷರಗಳಿಗಷ್ಟೇ ಆದ ‘ಲ್ಯಾಟಿನ್1’ ಆಗಿದ್ದರೆ ಕನ್ನಡ ‘????’ ಆಗುತ್ತದೆ, ಹಾಗಾದದ್ದನ್ನು ಮರಳಿ ಪಡೆಯಲಾಗದು. ಅದರ ಬದಲು ಚುಕ್ಕೆ-ಕೊಂಬಿನ ವಿಚಿತ್ರ ರೋಮನ್ ಅಕ್ಷರಗಳ ಸಾಲು ಕಂಡರೆ ಬೈಟುಗಳು ಉಳಿದಿವೆ, ಸಾಮಾನ್ಯವಾಗಿ ಸರಿಪಡಿಸಬಹುದು. ಹೊಸ ಡೇಟಾಬೇಸಿಗೆ ‘ಯುಟಿಎಫ್8ಎಂಬಿ4 ಯೂನಿಕೋಡ್ ಸಿಐ’ ಕೊಲೇಷನ್ (ಅಕ್ಷರಗಳನ್ನು ಹೋಲಿಸಿ ಜೋಡಿಸುವ ನಿಯಮ) ಇಟ್ಟು, ನಕಲಿನಲ್ಲಿ ಹತ್ತು ಕನ್ನಡ ಪ್ರಶ್ನೆ ತೆರೆದು ನೋಡಿ.

ಆದರೆ ನಮ್ಮ ಕಾಲೇಜುಗಳಿಗೇ ವಿಶಿಷ್ಟವಾದ ಒಂದು ಸಮಸ್ಯೆ ಇದೆ. ನುಡಿ ಅಥವಾ ಬರಹದ ಹಳೇ ಆಸ್ಕಿ ಫಾಂಟಿನಲ್ಲಿ (ಒಳಗೆ ಇಂಗ್ಲಿಷ್ ಸಂಕೇತಗಳೇ ಇದ್ದು ನೋಟದಲ್ಲಷ್ಟೇ ಕನ್ನಡವಾಗಿರುವ ಫಾಂಟು) ಟೈಪ್ ಮಾಡಿ ಅಂಟಿಸಿದ ಪ್ರಶ್ನೆಗಳು ಹಳೇ ಥೀಮಿನಲ್ಲಿ ಆ ಫಾಂಟ್ ಸೇರಿಸಿದ್ದರಿಂದ ಕನ್ನಡದಂತೆ ಕಾಣುತ್ತಿರಬಹುದು. ಥೀಮ್ ಬದಲಾದ ದಿನ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಅದು ಅಪ್‌ಗ್ರೇಡಿನ ತಪ್ಪಲ್ಲ, ಅವು ಮೊದಲಿಂದಲೂ ಹಾಗೇ ಇದ್ದವು. ಯೂನಿಕೋಡ್ ಪರಿವರ್ತಕದಲ್ಲಿ ಹಾಕಿ ಮತ್ತೆ ಅಂಟಿಸುವುದೇ ಪರಿಹಾರ. ಪಿಡಿಎಫ್ ಪ್ರಮಾಣಪತ್ರದಲ್ಲಿ ಒತ್ತಕ್ಷರ ಚೆದುರುವುದೂ ಬೇರೆಯೇ ವಿಷಯ: ಪಿಡಿಎಫ್ ತಯಾರಿಸಲು ಮೂಡಲ್ ಬಳಸುವ ಟಿಸಿಪಿಡಿಎಫ್ ಭಾರತೀಯ ಲಿಪಿಗಳ ಅಕ್ಷರ ಜೋಡಣೆ ಮಾಡುವುದಿಲ್ಲ. ಕನ್ನಡದ ಸ್ಥಿರ ಪಠ್ಯವನ್ನು ಹಿನ್ನೆಲೆ ಚಿತ್ರವಾಗಿ ಇಟ್ಟು, ಹೆಸರನ್ನು ಇಂಗ್ಲಿಷಿನಲ್ಲಿ ಬರಿಸುವುದು ಸುಲಭದ ಉಪಾಯ.

ಇಮೇಲ್

ಪಾಸ್‌ವರ್ಡ್ ಮರುಹೊಂದಿಕೆಯ ಮೇಲ್ ಆ ಕ್ಷಣವೇ ಹೊರಡುತ್ತದೆ, ಫೋರಂ ಸೂಚನೆಗಳು ಕ್ರಾನ್ ಓಡಿದಾಗ ಹೊರಡುತ್ತವೆ. ಹಾಗಾಗಿ ಮೊದಲನೆಯದು ಬಂದು ಎರಡನೆಯದು ಬರದಿದ್ದರೆ ದೋಷ ಕ್ರಾನ್‌ನಲ್ಲಿ. ಎರಡೂ ಬರದಿದ್ದರೆ ಮೇಲ್ ಸೆಟ್ಟಿಂಗಿನಲ್ಲಿ. ನಿಮ್ಮದು ಎರಡನೆಯ ಬಗೆ ಇರಬೇಕು. ‘ಔಟ್‌ಗೋಯಿಂಗ್ ಮೇಲ್ ಕಾನ್ಫಿಗರೇಷನ್’ನಲ್ಲಿ ಎಸ್‌ಎಂಟಿಪಿ (ಮೇಲ್ ಕಳಿಸುವ ಸರ್ವರಿನ) ವಿಳಾಸ ಖಾಲಿ ಇದ್ದರೆ ಸರ್ವರ್ ತನ್ನದೇ ದಾರಿಯಲ್ಲಿ ಕಳಿಸುತ್ತದೆ, ಅದು ಸ್ಪ್ಯಾಮಿಗೆ ಬೀಳುತ್ತದೆ ಅಥವಾ ಹೋಗುವುದೇ ಇಲ್ಲ. ಕಾಲೇಜಿನ ಡೊಮೈನಿನ ಒಂದು ಇಮೇಲ್ ಖಾತೆಯನ್ನು, ಪೋರ್ಟ್ 587 ಮತ್ತು ಟಿಎಲ್‌ಎಸ್ ಜೊತೆ ಕೊಡಿ; ‘ನೋರಿಪ್ಲೈ’ ವಿಳಾಸವೂ ಅದೇ ಇರಲಿ. ಜಿಮೇಲ್ ಬಳಸುವುದಾದರೆ ಎರಡು ಹಂತದ ಪರಿಶೀಲನೆ ಹಾಕಿ ‘ಆ್ಯಪ್ ಪಾಸ್‌ವರ್ಡ್’ ಪಡೆಯಬೇಕು, ಮಾಮೂಲಿ ಪಾಸ್‌ವರ್ಡ್ ನಡೆಯುವುದಿಲ್ಲ.

ಕ್ರಾನ್ ಪ್ರತಿ ನಿಮಿಷ ಓಡಬೇಕು. ಹೋಸ್ಟಿಂಗಿನವರು ಬಿಡದಿದ್ದರೆ ಐದು ನಿಮಿಷಕ್ಕೊಮ್ಮೆ. ಪಿಎಚ್‌ಪಿ ಬದಲಿಸಿದಾಗ ಕ್ರಾನ್ ಸಾಲಿನಲ್ಲಿ ಬರೆದಿರುವ ಪಿಎಚ್‌ಪಿಯ ಹಾದಿ ತಾನಾಗಿ ಬದಲಾಗುವುದಿಲ್ಲ. ಸೈಟು 8.1ರಲ್ಲಿ, ಕ್ರಾನ್ ಇನ್ನೂ 7.4ರಲ್ಲಿ ಎಂಬ ಸ್ಥಿತಿ ತೀರಾ ಸಾಮಾನ್ಯ. ಸಾಲಿನಲ್ಲಿ ‘ಇಎ-ಪಿಎಚ್‌ಪಿ74’ ಎಂದಿದ್ದರೆ 81 ಮಾಡಿ, ಕೊನೆಗೆ 83.

ಹೊಸದಾಗಿ ಶುರು ಮಾಡುವ ಸಲಹೆ

ಅದು ಪೂರಾ ಕೆಟ್ಟ ಸಲಹೆಯೇನೂ ಅಲ್ಲ. ಹೊಸ 4.5 ಹಾಕಿ, ಹಳೇ ಸೈಟಿನ ಕೋರ್ಸುಗಳನ್ನು ಒಂದೊಂದಾಗಿ ‘ಎಂಬಿಝಡ್’ ಬ್ಯಾಕಪ್ (ಮೂಡಲ್‌ನ ಕೋರ್ಸ್ ಬ್ಯಾಕಪ್ ಫೈಲು) ತೆಗೆದು ಅಲ್ಲಿ ತುಂಬಬಹುದು. ಹಳೇ ಆವೃತ್ತಿಯ ಬ್ಯಾಕಪ್ಪನ್ನು ಹೊಸದು ಒಪ್ಪಿಕೊಳ್ಳುತ್ತದೆ. ‘ಎನ್‌ರೋಲ್ಡ್ ಯೂಸರ್ಸ್’ ಸೇರಿಸಿದರೆ ಮಾತ್ರ ಅಂಕ, ಸಲ್ಲಿಕೆ ಬರುತ್ತವೆ. ಪಾಸ್‌ವರ್ಡ್ ಬರುವುದಿಲ್ಲ, ಪ್ರತಿಯೊಬ್ಬರೂ ಮರುಹೊಂದಿಸಿಕೊಳ್ಳಬೇಕು. ನಿಮ್ಮ ಇಮೇಲ್ ಕೆಲಸ ಮಾಡದ ಹೊತ್ತಿನಲ್ಲಿ ಅದು ಗೋಜಲು. ದೊಡ್ಡ ಕೋರ್ಸಿನ ಬ್ಯಾಕಪ್ ಹಂಚಿಕೆಯ ಹೋಸ್ಟಿಂಗಿನಲ್ಲಿ ಅರ್ಧಕ್ಕೆ ನಿಲ್ಲುವುದೂ ಉಂಟು. ಮುಂದಿನ ವರ್ಷಕ್ಕೆ ಬೇಕಿರುವುದು ಆರೇಳು ಕೋರ್ಸಿನ ಪಾಠ ಸಾಮಗ್ರಿ ಮತ್ತು ಪ್ರಶ್ನೆಗಳು ಮಾತ್ರ ಎಂದಾದರೆ ನಾನೂ ಇದನ್ನೇ ಹೇಳುತ್ತಿದ್ದೆ. ಐದು ವರ್ಷದ ಅಂಕ ಬೇಕೆಂದಿದ್ದೀರಿ, ಆದ್ದರಿಂದ ಅಪ್‌ಗ್ರೇಡೇ ಸರಿ. ಏನೇ ಮಾಡಿದರೂ, ಮೊದಲು ಪ್ರತಿ ಕೋರ್ಸಿನ ಗ್ರೇಡ್‌ಬುಕ್ಕನ್ನು ಎಕ್ಸೆಲ್‌ಗೆ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ.

ದುಡ್ಡು ಕೊಟ್ಟು ಮಾಡಿಸುವುದಾದರೆ ‘ನಕಲಿನ ಮೇಲೆ ಮಾಡಿ ತೋರಿಸಿ, ನಾನು ನೋಡಿದ ಮೇಲೆ ಅಸಲಿಗೆ’ ಎಂಬ ಷರತ್ತು ಹಾಕಿ. ಒಪ್ಪದವರಿಗೆ ಕೊಡಬೇಡಿ.

ನಕಲಿನಲ್ಲಿ 4.5 ಮುಟ್ಟಿ, ಒಬ್ಬ ವಿದ್ಯಾರ್ಥಿಯ ಖಾತೆಯಿಂದ ಒಂದು ಕ್ವಿಜ್ ಬರೆದು, ಒಂದು ಹಳೇ ಪಿಡಿಎಫ್ ತೆರೆದು, ಒಂದು ಹಳೇ ಬ್ಯಾಚಿನ ಅಂಕವನ್ನು ಆ ಎಕ್ಸೆಲ್ ಜೊತೆ ತಾಳೆ ನೋಡಿದ ಮೇಲೆ ಅಸಲಿಗೆ ಹೋಗಿ. ಪರೀಕ್ಷೆ ಇಲ್ಲದ ವಾರದ ಶನಿವಾರ ಸಂಜೆ ಒಳ್ಳೆಯದು. ಮಕ್ಕಳು ಸೋಮವಾರ ಹೊಸದಾಗಿ ಸಲ್ಲಿಸಿದ ಮೇಲೆ ಬ್ಯಾಕಪ್ಪಿಗೆ ಹಿಂದಿರುಗಿದರೆ ಆ ಸಲ್ಲಿಕೆಗಳು ಹೋಗುತ್ತವೆ. 4.0ರಿಂದ ಪರದೆಯ ಮೆನುಗಳೂ ಜಾಗ ಬದಲಿಸಿವೆ, ಸಹೋದ್ಯೋಗಿಗಳಿಗೆ ನಕಲನ್ನೇ ಒಂದೆರಡು ದಿನ ಕೊಟ್ಟು ಅಭ್ಯಾಸ ಮಾಡಿಸಿ.

ಇವತ್ತೇ ಮಾಡಬಹುದಾದದ್ದು, ಹೋಸ್ಟಿಂಗಿನವರಿಗೆ ಒಂದು ಮೇಲ್. ಈ ಐದನ್ನು ಬರಹದಲ್ಲಿ ಕೇಳಿ: ನಮ್ಮ ಸರ್ವರಿನಲ್ಲಿ ಮೈಎಸ್‌ಕ್ಯುಎಲ್ ಅಥವಾ ಮರಿಯಾಡಿಬಿ ಯಾವ ಆವೃತ್ತಿ? ಪಿಎಚ್‌ಪಿ 8.1 ಮತ್ತು 8.3 ಎರಡೂ ಇವೆಯೇ, ಡೊಮೈನಿಗೊಂದರಂತೆ ಇಡಬಹುದೇ? ಟರ್ಮಿನಲ್ ಕೊಡುತ್ತೀರಾ? ಜಾಗ ಮತ್ತು ಫೈಲುಗಳ ಸಂಖ್ಯೆಯ ಮಿತಿ ಎಷ್ಟು, ಎಷ್ಟು ಬಳಸಿದ್ದೇವೆ? 7.4 ತೆಗೆಯುವ ಖಚಿತ ದಿನಾಂಕ ಯಾವುದು? ಡೇಟಾಬೇಸ್ ಹಳೆಯದು ಎಂಬ ಉತ್ತರ ಬಂದರೆ 4.1ರವರೆಗಿನ ಕೆಲಸ ಇಲ್ಲೇ ಮುಗಿಸಿ, 4.5ರ ಹಂತವನ್ನು ಹೊಸ ಸರ್ವರಿಗೆ ಹೋದ ಮೇಲೆ ಇಟ್ಟುಕೊಳ್ಳಿ.